ಪಟಾಲಮ್ಮನ ಗೋಡೆ ಕ್ಯಾಲೆಂಡರ್

ಬೆಳಗಿನ ಆರೂವರೆ. ವಿಜಯನಗರದ ತಲೆಯ ಮೇಲೆ ದಿನದ ಮೊದಮೊದಲ ಮೆಟ್ರೊ ಹಾದುಹೋಗುತ್ತದೆ. ಕೆಳಗೆ ಮಾರುಕಟ್ಟೆ ಬೀದಿಯಲ್ಲಿ ಹೂವಿನವರು ಇನ್ನೂ ಮೂಟೆ ಬಿಚ್ಚುತ್ತಿದ್ದಾರೆ. ಎರಡು ಅಡ್ಡರಸ್ತೆಗಳಾಚೆ ಹಳೆಯ ಶಾಲೆಯೊಂದರ ಗೇಟಿನ ಬೀಗ ತೆಗೆಯುತ್ತಿರುವವರು ಪಟಾಲಮ್ಮ. ಬಾಪೂಜಿ ನಗರದ ಮನೆಯಿಂದ ನಡೆದೇ ಬಂದಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಏಳು ಕೋಣೆ ಗುಡಿಸುತ್ತಾರೆ, ಹಾಲಿನ ನೂರ ನಲವತ್ಮೂರು ಲೋಟಗಳನ್ನು ತೊಳೆದು ಮಗುಚಿಡುತ್ತಾರೆ. ಆಮೇಲೆ ಅಡುಗೆಕೋಣೆಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಕ್ಯಾಲೆಂಡರಿನ ಮುಂದೆ ಒಂದು ನಿಮಿಷ ನಿಲ್ಲುತ್ತಾರೆ.

ಮನೆಗಳಲ್ಲಿ ಹಾಲಿನ ಲೆಕ್ಕ ಬರೆಯುವಂಥದೇ ಕ್ಯಾಲೆಂಡರ್. ಇಲ್ಲಿ ಮಾತ್ರ ತಾರೀಖಿನ ಚೌಕಗಳಲ್ಲಿ ಸೊನ್ನೆ, ಗೆರೆ, ಇಂಟು ಗುರುತುಗಳಿವೆ. "ನಿನ್ನೆ ಬರೀ ಒಂದು ಸೊನ್ನೆ. ಪರವಾಗಿಲ್ಲ ಹುಡುಗಿ," ಎಂದು ತಮಗೆ ತಾವೇ ಹೇಳಿಕೊಂಡು ಅವರು ಗಂಟೆ ಬಾರಿಸಲು ಹೊರಡುತ್ತಾರೆ.

ಆ ಹುಡುಗಿ ಅನಘಾ, ನಾಲ್ಕನೇ ತರಗತಿಯವಳು. ಅವಳಿಗೆ ಐದನೇ ವಯಸ್ಸಿನಿಂದ ಮೂರ್ಛೆ ರೋಗ. ನೆಲಕ್ಕೆ ಬಿದ್ದು ಕೈಕಾಲು ಬಡಿಯುವುದು ಅಪರೂಪ. ಹೆಚ್ಚಾಗಿ, ಓದುತ್ತ ಓದುತ್ತ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಾಗಿಬಿಡುತ್ತಾಳೆ, ಕಣ್ಣು ಎಲ್ಲೋ ನೆಡುತ್ತದೆ. ತಿರುಗಿ ಬಂದಾಗ ತಾನು ಹೋಗಿದ್ದೇ ಅವಳಿಗೆ ಗೊತ್ತಿರುವುದಿಲ್ಲ. ನಿನ್ನೆ ಬಾಯಿಪಾಠವಾಗಿದ್ದ ಆರರ ಮಗ್ಗಿ ಇವತ್ತು ಇರುವುದಿಲ್ಲ. ಕಣ್ಣು ನೆಟ್ಟರೆ ಸೊನ್ನೆ, ಮರೆತರೆ ಗೆರೆ, ಸಿಟ್ಟಿಗೆದ್ದರೆ ಇಂಟು. ಇದು ಏಳನೇ ತರಗತಿಗೇ ಓದು ನಿಲ್ಲಿಸಿದ ಪಟಾಲಮ್ಮ ತಾವೇ ಕಟ್ಟಿಕೊಂಡ ಬರವಣಿಗೆ. ಅನಘಾಳ ಮಧ್ಯಾಹ್ನದ ಮಾತ್ರೆ ಕೊಡುವುದೂ ಅವರದೇ ಕೆಲಸ. ಮಾತ್ರೆ ನುಂಗಿದ ಮೇಲೆ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಾರೆ. "ಆಯಮ್ಮ, ನೀವೇನು ಪೊಲೀಸಾ?" ಎಂದು ಅನಘಾ ಕೇಳುತ್ತಾಳೆ. "ಹೂಂ ಕಣೇ, ಇನ್ಸ್‌ಪೆಕ್ಟ್ರು. ಇನ್ನೂ ದೊಡ್ಡದಾಗಿ ತೆಗಿ ಬಾಯಿ."

ಪಟಾಲಮ್ಮ ಇಲ್ಲಿಗೆ ಬಂದು ಮೂವತ್ತೊಂದು ವರ್ಷವಾಯಿತು. ಗಂಡ ದುಡಿಯುತ್ತಿದ್ದ ಬಟ್ಟೆ ಮಿಲ್ಲು ಮುಚ್ಚಿದ ವರ್ಷ ಕೆಲಸಕ್ಕೆ ಸೇರಿದವರು. ಆಗ ಶಾಲೆಗೆ ಹೆಂಚಿನ ಸೂರಿತ್ತು, ಅಂಗಳದಲ್ಲಿ ಹೊಂಗೆ ಮರವಿತ್ತು. ಅದರ ಕೊಂಬೆಗೆ ಕಟ್ಟಿದ ರೈಲುಕಂಬಿಯ ತುಂಡೇ ಗಂಟೆ. "ಒಂದು ಏಟು ಹಾಕಿದ್ರೆ ಮಾರ್ಕೆಟ್ ತನಕ ಕೇಳೋದು. ತರಕಾರಿಯೋರು ಅದನ್ನ ಕೇಳ್ಕೊಂಡೇ ಟೀ ಕುಡಿಯೋರು. ಈಗ ಪಕ್ಕದ ಮನೆಗೂ ಕೇಳಲ್ಲ ಬಿಡಿ," ಎಂದು ನಗುತ್ತಾರೆ. ಹೊಂಗೆ ಮರ ರಸ್ತೆ ಅಗಲವಾದಾಗ ಹೋಯಿತು. ಕಂಬಿ ಮಾತ್ರ ಈಗ ಮೆಟ್ಟಿಲ ಪಕ್ಕದ ಕೊಕ್ಕೆಗೆ ಬಂದು ನೇತಾಡುತ್ತಿದೆ.

ಆ ಮರದ ಬುಡದಲ್ಲಿ ಅವರೊಂದು ಗುಟ್ಟು ಹೂತಿಟ್ಟಿದ್ದರು. ಅದು ಹೊರಬಿದ್ದದ್ದು ಈ ಜನವರಿಯಲ್ಲಿ, ಅನಘಾಳ ದೆಸೆಯಿಂದ.

ದೀಪಾವಳಿ ಕಳೆದ ಮೇಲೆ ಅನಘಾ ಬೇರೆಯೇ ಹುಡುಗಿಯಾಗಿದ್ದಳು. ಪುಸ್ತಕ ಹರಿಯುವುದು, ಕಿರುಚುವುದು. ಒಂದು ದಿನ ಪಕ್ಕದಲ್ಲೇ ಕೂರುವ ಅಪೂರ್ವಳ ಹಣೆಗೆ ಟಿಫನ್ ಡಬ್ಬಿಯಿಂದ ಹೊಡೆದಳು. ಮೂರು ಮಕ್ಕಳ ತಂದೆತಾಯಿ ದೂರು ಬರೆದುಕೊಟ್ಟರು. ಮುಖ್ಯೋಪಾಧ್ಯಾಯಿನಿ ಜಗದಾಂಬಾ ಒಳ್ಳೆಯವರೇ, ಆದರೆ ಅವರಿಗೂ ದಾರಿ ಕಾಣಲಿಲ್ಲ. ಸಂಕ್ರಾಂತಿಗೆ ಎರಡು ದಿನ ಮುಂಚೆ ಅನಘಾಳ ತಂದೆ ಚನ್ನವೀರೇಶ್ ಅವರನ್ನು ಕರೆಸಿ, ಟಿ.ಸಿ. ತೆಗೆದುಕೊಳ್ಳಿ ಎಂದರು. ಲಗ್ಗೆರೆಯ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ ಆ ತಂದೆ ಕೈಮುಗಿದರು.

"ಎರಡು ಸ್ಕೂಲು ಬಿಡಿಸಿ ಇಲ್ಲಿಗೆ ತಂದಿದೀನಿ ಮೇಡಂ. ಇನ್ನೆಲ್ಲಿಗೆ ಕರ್ಕೊಂಡು ಹೋಗ್ಲಿ? ಒಂದು ಕೆಲ್ಸ ಮಾಡೋಣ. ಆ ಮಧ್ಯಾಹ್ನದ ಮಾತ್ರೆ ನಿಲ್ಸಿಬಿಡೋಣ. ಅದನ್ನ ತಗೊಂಡ ಮೇಲೇ ಅವಳು ಹಿಂಗಾಡೋದು. ಬಿದ್ದಂತೂ ವರ್ಷದ ಮೇಲಾಯ್ತು."

ಜಗದಾಂಬಾ ಯೋಚಿಸಿದರು. "ಒಂದು ವಾರ ನೋಡೋಣ ಹಾಗಾದ್ರೆ."

ಕಾಫಿ ಹಿಡಿದು ಬಂದಿದ್ದ ಪಟಾಲಮ್ಮ ಬಾಗಿಲಲ್ಲೇ ನಿಂತರು. ದೊಡ್ಡವರ ಮಾತಿನ ನಡುವೆ ಎಂದೂ ಬಾಯಿ ಹಾಕಿದವರಲ್ಲ.

"ಅದೊಂದು ಮಾಡ್ಬೇಡಿ ಮೇಡಂ. ನಾನು ಮಾಡಿದೀನಿ."

ಕಾಫಿ ತಟ್ಟೆ ಕೈಯಲ್ಲಿ ಹಿಡಿದೇ ಅವರು ಹೇಳಿದ್ದು ಇಷ್ಟು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಲವಿಕಾ ಎಂಬ ಹುಡುಗಿಯಿದ್ದಳು. ಅವಳಿಗೂ ಇದೇ ಕಾಯಿಲೆ, ಇವರ ಕೈಯಿಂದಲೇ ಮಧ್ಯಾಹ್ನದ ಮಾತ್ರೆ. ಮಾತ್ರೆ ನುಂಗಿದರೆ ತೂಕಡಿಕೆ. ಆಗ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ. ಮಗು ಎದ್ದಿರಲಿ, ನಾಲ್ಕಕ್ಷರ ಓದಿಕೊಳ್ಳಲಿ ಎಂಬ ಕನಿಕರಕ್ಕೆ ಪಟಾಲಮ್ಮ ಮೂರು ದಿನ ಮಾತ್ರೆ ಕೊಡಲಿಲ್ಲ. ಎಲೆಅಡಿಕೆ ಚೀಲದಲ್ಲಿ ಬಚ್ಚಿಟ್ಟರು. ಹುಡುಗಿ ಕಣ್ಣರಳಿಸಿಕೊಂಡು ಓದಿದಳು. ನಾಲ್ಕನೆಯ ದಿನ ಗಣಿತದ ಪರೀಕ್ಷೆಯಲ್ಲಿ ಡೆಸ್ಕಿನಿಂದ ಉರುಳಿಬಿದ್ದಳು. ನಾಲಿಗೆ ಕಚ್ಚಿಕೊಂಡಾಳೆಂದು ಪಟಾಲಮ್ಮ ಹಲ್ಲುಗಳ ಮಧ್ಯೆ ಬೀಗದ ಕೈ ತುರುಕಿದರು. ಮುಂದಿನ ಹಲ್ಲು ಮುಕ್ಕಾಯಿತು. ಆ ವರ್ಷವೂ ಹೋಯಿತು. ಮೂರು ಮಾತ್ರೆಗಳನ್ನು ಹೊಂಗೆ ಮರದ ಬುಡದಲ್ಲಿ ಹೂತು ಬಾಯಿ ಮುಚ್ಚಿಕೊಂಡರು.

"ಎಲ್ರೂ ಪರೀಕ್ಷೆ ಭಯ ಅಂದ್ರು. ನಾನೂ ಹೂಂ ಅಂದೆ. ಅವತ್ತಿಂದ ಯಾವ ಮಗೂಗೂ ಬೀಗದ ಕೈ ಹಿಡಿಸಿಲ್ಲ, ಬಾಯಿಗೆ ಏನೂ ಇಟ್ಟಿಲ್ಲ. ಒಂದು ಮಗ್ಗುಲಿಗೆ ಮಲಗ್ಸಿ ಪಕ್ಕದಲ್ಲಿ ಕೂತ್ಕೋತೀನಿ, ಅಷ್ಟೇ. ಮಾತ್ರೆ ಬದಲಾಯ್ಸೋದು, ಬಿಡ್ಸೋದು ಡಾಕ್ಟ್ರು ಕೆಲ್ಸ. ನಮ್ಮದಲ್ಲ."

ಪಟಾಲಮ್ಮ ಕಾಫಿ ಇಟ್ಟು ಅಡುಗೆಕೋಣೆಗೆ ಹೋಗಿ, ಹೊಸ ಕ್ಯಾಲೆಂಡರಿನ ಹಿಂದೆಯೇ ಇದ್ದ ಕಳೆದ ವರ್ಷದ್ದನ್ನೂ ಮೊಳೆಯಿಂದ ಬಿಡಿಸಿ ತಂದು ಮೇಜಿನ ಮೇಲೆ ಹರಡಿ, ಗುರುತುಗಳ ಅರ್ಥ ಹೇಳಿದರು. ಜೂನ್‌ನಿಂದ ಅಕ್ಟೋಬರ್‌ವರೆಗೆ ಸೊನ್ನೆಗಳು, ಗೆರೆಗಳು. ಇಂಟು ಒಂದೂ ಇಲ್ಲ. ದೀಪಾವಳಿ ಆದ ಮೇಲೆ ಸೊನ್ನೆಗಳು ಕಡಿಮೆಯಾಗಿ ಹಾಳೆ ತುಂಬ ಇಂಟು.

ಚನ್ನವೀರೇಶ್ ಬಹಳ ಹೊತ್ತು ನೋಡಿದರು. "ಹಬ್ಬದ ಮಾರನೇ ದಿನಾನೇ ಅಲ್ವಾ ಡಾಕ್ಟ್ರು ಮಧ್ಯಾಹ್ನಕ್ಕೆ ಹೊಸ ಮಾತ್ರೆ ಬರ್ದಿದ್ದು... ಮೊದಮೊದಲು ಹುಟ್ಟಿನಿಂದ್ಲೇ ಬಂದ ಹಟ ಅಂತ ಹೊಡೆದ್ಬಿಟ್ಟೆ ಅವಳಿಗೆ."

ಮರುದಿನವೇ ಆ ಹಾಳೆಗಳು ವೈದ್ಯರ ಮೇಜು ಸೇರಿದವು. ಮಗುವಿನ ಸ್ವಭಾವವಲ್ಲ, ಹೊಸ ಮಾತ್ರೆ ಕೆಲವು ಮಕ್ಕಳಿಗೆ ಹೀಗೆ ಸಿಟ್ಟು ತರುವುದುಂಟು ಎಂದು ಅವರು ಹೇಳಿ, ಅದನ್ನು ನಿಧಾನವಾಗಿ ಇಳಿಸಿ ಬೇರೆಯದನ್ನು ಏರಿಸುತ್ತ ಬಂದರು. ಜಗದಾಂಬಾ ಟಿ.ಸಿ. ಪುಸ್ತಕ ಬೀರುವಿಗೆ ಸೇರಿಸಿ, ಮಾರ್ಚ್‌ವರೆಗೆ ನೋಡೋಣ ಎಂದರು.

ಪ್ರತಿ ಸಂಕ್ರಾಂತಿಗೆ ಮಾಲವಿಕಾ ಎಳ್ಳು ಬೀರಲು ಶಾಲೆಗೆ ಬರುತ್ತಾಳೆ. ಬಸವೇಶ್ವರನಗರದ ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಹೆಸರುಗಳು ಈಗಲೂ ಮರೆಯುತ್ತವೆ, ಗಿರಾಕಿಯ ಹೆಸರನ್ನು ಸೀರೆಯ ಕವರಿನ ಮೇಲೆ ಬರೆದಿಟ್ಟುಕೊಳ್ಳುತ್ತಾಳೆ. ಈ ಸಲ ಎಳ್ಳಿನ ಪೊಟ್ಟಣ ಕೈಗೆ ತೆಗೆದುಕೊಳ್ಳುವ ಮೊದಲೇ ಪಟಾಲಮ್ಮ ಎಲ್ಲವನ್ನೂ ಹೇಳಿಬಿಟ್ಟರು.

ಮುಕ್ಕಾದ ಹಲ್ಲು ಕಾಣುವಂತೆ ಮಾಲವಿಕಾ ನಕ್ಕಳು. "ಆಯಮ್ಮ, ನಾನೇ ಅಲ್ವಾ ಕೇಳಿದ್ದು? ನಿದ್ದೆ ಬರುತ್ತೆ, ಬೇಡ ಅಂತ ನಿಮ್ಮ ಸೆರಗು ಹಿಡ್ಕೊಂಡು ಅತ್ತಿದ್ದೆ. ನಂಗೆ ನೆನ್ನೆ ಮಾಡಿದ ಸಾರು ನೆನಪಿರಲ್ಲ, ಇದು ಮರೆತಿಲ್ಲ ನೋಡಿ."

"ಮಗು ಕೇಳ್ತು ಅಂತ ಕೊಡದೇ ಇರೋದಾ? ದೊಡ್ಡೋಳು ನಾನಲ್ವೇನೇ?"

"ಸರಿ, ತಪ್ಪು ನಿಮ್ಮದೇ. ಈಗ ಎಳ್ಳು ತಿಂತೀರೋ ಇಲ್ವೋ?"

ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿಂದರು.

ಈಗ ಮಾರ್ಚ್. ಅನಘಾಳ ಮಗ್ಗಿ ಇನ್ನೂ ಜಾರುತ್ತದೆ. ಅವಳಿಗೆ ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು ಎನ್ನುವುದನ್ನು ಪಟಾಲಮ್ಮನಿಂದ ಟೀಚರುಗಳೂ ಕಲಿತಿದ್ದಾರೆ. ಹಾಲಿನ ಹೊತ್ತಿಗೆ ಲೋಟ ಎತ್ತಿಕೊಡುವುದು ಅವಳ ಪಾಲಿನ ಕೆಲಸ. ಹಣೆಗೆ ಪೆಟ್ಟು ತಿಂದ ಅಪೂರ್ವ ಎರಡು ವಾರ ದೂರದ ಬೆಂಚಿನಲ್ಲಿ ಕೂತವಳು, ಒಂದು ದಿನ ತಾನಾಗಿ ಚೀಲ ಹೊತ್ತು ಹಿಂದಿರುಗಿದಳು. ಓದುವಾಗ ಅನಘಾಳ ಕಣ್ಣು ನೆಟ್ಟರೆ, ಅವಳು ಬಿಟ್ಟ ಸಾಲಿನ ಮೇಲೆ ಅಪೂರ್ವ ಬೆರಳಿಟ್ಟು ಕಾಯುತ್ತಾಳೆ. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಕಳೆದ ವಾರ ಐದನೇ ತರಗತಿಯ ಪಟ್ಟಿ ಸಿದ್ಧವಾಗಿದೆ. ಅದರಲ್ಲಿ ಅನಘಾಳ ಹೆಸರಿದೆ. ಪಟಾಲಮ್ಮ ಬೆರಳಿಟ್ಟು ಎರಡು ಸಲ ಓದಿಕೊಂಡರು.

ಮೇ ತಿಂಗಳಿಗೆ ಅವರಿಗೆ ಅರವತ್ತು, ನಿವೃತ್ತಿ. ಬೀಳ್ಕೊಡುಗೆಗೆ ಏನು ಬೇಕೆಂದು ಜಗದಾಂಬಾ ಕೇಳಿದ್ದಕ್ಕೆ, ಶಾಲು ಬೇಡ ಎಂದಿದ್ದಾರೆ. ಹೊಸದಾಗಿ ಬರುವ ಆಯಾಗೆ ಸೊನ್ನೆ, ಗೆರೆ, ಇಂಟು ಹೇಳಿಕೊಡಲು ಒಂದು ವಾರ ಜೊತೆಗಿರುವುದಕ್ಕೆ ಬಿಟ್ಟರೆ ಸಾಕಂತೆ. ಇನ್ನೊಂದು ಆಸೆಯೂ ಇದೆ. ಅದನ್ನು ಕ್ಯಾಲೆಂಡರ್ ಮೊಳೆಗೆ ಸರಿಯಾಗಿ ಸಿಕ್ಕಿಸುತ್ತ ಹೇಳುತ್ತಾರೆ.

"ಹೋಗೋದ್ರೊಳಗೆ ಒಂದೇ ಒಂದು ತಿಂಗಳ ಹಾಳೆ, ಏನೂ ಬರೀದೇ ಇರೋದು, ನೋಡ್ಬೇಕು. ಏಪ್ರಿಲ್‌ಗೆ ರಜ ಬಂದ್ಬಿಡುತ್ತೆ, ಅದು ಲೆಕ್ಕಕ್ಕಿಲ್ಲ. ಮಕ್ಕಳು ಸ್ಕೂಲಲ್ಲಿರೋವಾಗ್ಲೇ ಖಾಲಿ ಇರ್ಬೇಕು."

ಮಾರ್ಚ್ ಹಾಳೆಯಲ್ಲಿ ಆಗಲೇ ಎರಡು ಸೊನ್ನೆಗಳಿವೆ. ಪಟಾಲಮ್ಮ ಅದನ್ನೊಮ್ಮೆ ನೋಡುತ್ತಾರೆ.

"ನಾನು ನೋಡ್ದಿದ್ರೂ ಸರಿ. ನನ್ನ ಹಿಂದೆ ಬರೋಳು ನೋಡ್ತಾಳೆ," ಎಂದು ಮೆಟ್ಟಿಲ ಬಳಿಗೆ ಹೋಗಿ ಕಂಬಿಗೆ ಮೊದಲ ಏಟು ಹಾಕುತ್ತಾರೆ.