ಇವತ್ತಿನ ತಾರೀಕು ಹೊತ್ತ ಬಸ್ ಪಟ್ಟಿ

ತಿಪಟೂರಿನಲ್ಲಿ ಬಸ್ ಸಾಬರು ಎಂದರೆ ಸನಾವುಲ್ಲಾ. ಹುಟ್ಟಿದ್ದು ಮೆಕ್ಯಾನಿಕ್ಕರ ಮನೆಯಲ್ಲಿ. ಖಾಸಗಿ ಬಸ್ಸಿನ ಶೆಡ್ಡಿನಲ್ಲಿ ಅಪ್ಪನ ಜೊತೆ ಗ್ರೀಸು ಮೆತ್ತಿಕೊಂಡೇ ಬೆಳೆದವನು. ಕಣ್ಣು ಮುಚ್ಚಿ ಕೂತಿದ್ದರೂ ಹಾರ್ನು ಕೇಳಿ ಇದು ನೊಣವಿನಕೆರೆಯದು, ಇದು ಹುಳಿಯಾರಿನದು ಎಂದು ಹೇಳುತ್ತಿದ್ದ. ಓದಿದ್ದು ಏಳನೇ ಕ್ಲಾಸು. ಮೂವತ್ತೆಂಟನೇ ವಯಸ್ಸಿನಲ್ಲಿ, ಶೆಡ್ಡಿನ ಪಕ್ಕ ಕಂಪ್ಯೂಟರ್ ಕ್ಲಾಸು ತೆರೆದಾಗ, ಸೀಮೆಎಣ್ಣೆಯಲ್ಲಿ ಕೈ ತೊಳೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂತ. ಹುಡುಗಿಯರು ಮೂಗು ಮುಚ್ಚಿಕೊಂಡು ನಕ್ಕರು. ಎರಡು ವರ್ಷ ಕಳೆಯುವಷ್ಟರಲ್ಲಿ ಅವನು ಒಂದು ಪ್ರೋಗ್ರಾಂ ಬರೆದ. ಊರಿನ ಹೆಸರು ಒತ್ತಿದರೆ ಸಾಕು, ಅಲ್ಲಿಂದ ಹೊರಡುವ ಬಸ್ಸುಗಳೆಲ್ಲ ಹೊತ್ತಿನ ಸಮೇತ ಕನ್ನಡದಲ್ಲಿ ಅಚ್ಚಾಗಿ ಬರುತ್ತಿದ್ದವು.

ಅದನ್ನು ಅವನು ಮಾರಲಿಲ್ಲ. ಸಿ.ಡಿ.ಗೆ ಹಾಕಿ, ಬರೆದ ಸಾಲುಗಳನ್ನೂ ಮುಚ್ಚಿಡದೆ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಜೆರಾಕ್ಸ್ ಅಂಗಡಿಗಳಿಗೆಲ್ಲ ಹಂಚಿದ. "ಬಿಟ್ಟಿ ಕಣ್ರಪ್ಪ. ತಗೊಳ್ಳಿ, ತಿದ್ಕೊಳ್ಳಿ, ಬೇರೆಯವರಿಗೂ ಕೊಡಿ" ಎಂದ. ತನಗೆಂದು ಇಟ್ಟುಕೊಂಡದ್ದು ಪಟ್ಟಿಯ ಅಡಿಯ ಒಂದೇ ಸಾಲು: 'ತಯಾರಿ ಮತ್ತು ದಿನನಿತ್ಯದ ಉಸ್ತುವಾರಿ: ಸನಾವುಲ್ಲಾ, ಬಸ್ ಶೆಡ್ ಬೀದಿ, ತಿಪಟೂರು.' ಆ ಸಾಲೆಂದರೆ ಅವನಿಗೆ ಪ್ರಾಣ.

ಮೂರು ವರ್ಷ ಆ ಸಾಲು ಸುಳ್ಳಾಗಿರಲಿಲ್ಲ. ದಿನಾ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ನಿಂತು ನೋಟ್ ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಡ್ರೈವರುಗಳನ್ನು ಮಾತಾಡಿಸುತ್ತಿದ್ದ. ಎರಡು ಸಾವಿರದ ಮೂರರಲ್ಲಿ ಶೆಡ್ಡು ಮುಚ್ಚಿತು. ಹೊಟ್ಟೆಪಾಡಿಗೆ ಪಂಪಿನ ಮೋಟಾರುಗಳಿಗೆ ವೈಂಡಿಂಗ್ ಕಟ್ಟತೊಡಗಿದ. ತೆಂಗಿಗೆ ನೀರು ನಿಂತರೆ ತೋಟದವರು ಕಾಯುತ್ತಾರೆಯೇ? ಸ್ಟ್ಯಾಂಡಿಗೆ ಹೋಗುವುದು ನಿಂತಿತು. ಅಂಗಡಿಯವರು ಚೀಟಿ ಕಳಿಸುತ್ತಿದ್ದರು: ಈ ಬಸ್ಸು ಹೊತ್ತು ಬದಲಾಯಿಸಿದೆ, ಆ ಬಸ್ಸು ನಿಂತಿದೆ. ಬಂದ ಚೀಟಿಯನ್ನು ಗೋಡೆಯ ಕಂಬಿಗೆ ಚುಚ್ಚಿಡುತ್ತಿದ್ದ.

"ಕಂಬೀಲಿ ಜಾಗ ಇಲ್ಲ. ನನ್ನ ಕೈಲಿ ಆಗಲ್ಲ ಅಂತ ಜನಕ್ಕೆ ಹೇಳಿಬುಡಿ" ಎಂದು ಹೆಂಡತಿ ಅಮ್ನಾ ಹೇಳಿ ಹೇಳಿ ಸೋತಳು.

"ಮುಂದಿನ ವಾರ ಕೂತ್ಕೊತೀನಿ ಬುಡು" ಎನ್ನುತ್ತಿದ್ದ. ಹಾಗೆ ಹೇಳುತ್ತಲೇ ಎರಡು ವರ್ಷ ಕಳೆಯಿತು.

ಇಷ್ಟೇ ಆಗಿದ್ದರೆ ಜನ ಹಳೇ ಪಟ್ಟಿ ಎಂದು ಬಿಟ್ಟುಬಿಡುತ್ತಿದ್ದರೋ ಏನೋ. ಆದರೆ ಆ ಪ್ರೋಗ್ರಾಮಿಗೆ ಒಂದು ಚಾಳಿ ಇತ್ತು. ಯಾವತ್ತು ಅಚ್ಚು ಹಾಕಿದರೂ ತಲೆಯ ಮೇಲೆ 'ಈ ದಿನದ ಪಟ್ಟಿ' ಎಂದು ಅವತ್ತಿನ ತಾರೀಕನ್ನು ತಾನೇ ಹಾಕಿಕೊಳ್ಳುತ್ತಿತ್ತು. ಎರಡು ವರ್ಷದ ಹಳಸಲು, ಈಗತಾನೇ ಒಲೆಯಿಂದ ಇಳಿಸಿದ ಹಾಗೆ ಕಾಣುತ್ತಿತ್ತು.

ಎರಡು ಸಾವಿರದ ಐದರ ಜೂನಿನಲ್ಲಿ, ಕೆಂಕೆರೆ ಆಚೆಯ ಕುರಿಹಟ್ಟಿಯ ಭೂತಮ್ಮ ಮಗಳು ಯಮುನಾಳನ್ನು ಕರೆದುಕೊಂಡು ಹೊರಟಳು. ತುರುವೇಕೆರೆಯ ಒಂದು ಹೊಲಿಗೆ ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಹನ್ನೊಂದು ಗಂಟೆಗೆ ಸಂದರ್ಶನ. ಚಿಕ್ಕನಾಯಕನಹಳ್ಳಿಯಲ್ಲಿ ಇಳಿದಾಗ ಕಂಬದ ಮೇಲೆ ಪಟ್ಟಿ ಅಂಟಿಸಿತ್ತು. ತುರುವೇಕೆರೆಗೆ ನೇರ ಬಸ್ಸು, ಒಂಬತ್ತು ಹತ್ತಕ್ಕೆ. ಮೇಲೆ ಅವತ್ತಿನ ತಾರೀಕು. ತಿಪಟೂರು ಬಸ್ಸಿನ ಕಂಡಕ್ಟರು ಕೂಗಿ ಕರೆದ: "ಹತ್ತಮ್ಮೋ, ತಿಪಟೂರಲ್ಲಿ ಬೇರೆ ಬಸ್ ಹಿಡೀರಿ. ಆ ನೇರದ್ದು ನಿಂತು ವರ್ಷವಾಯ್ತು." ಯಮುನಾ ತಾಯಿಯ ಸೆರಗು ಜಗ್ಗಿದಳು: "ಸೀಟು ತುಂಬಿಸ್ಕೊಳ್ಳಾಕೆ ಹೇಳ್ತಾನೆ ಕಣವ್ವ. ಇವತ್ತಿನ ತಾರೀಕೇ ಐತೆ ನೋಡು." ಬಸ್ಸು ಹೋಯಿತು. ನೇರದ್ದು ಬರಲೇ ಇಲ್ಲ. ಇನ್ಯಾವುದೋ ಬಸ್ಸು ಹಿಡಿದು ತುರುವೇಕೆರೆ ಮುಟ್ಟುವಷ್ಟರಲ್ಲಿ ಒಂದೂವರೆ. ಕೆಲಸ ಬೇರೆಯವಳಿಗೆ ಹೋಗಿತ್ತು.

ವಾಪಸ್ಸು ಬರುವಾಗ ತಿಪಟೂರಿನಲ್ಲಿ ಇಳಿದು, ಅಲ್ಲಿ ಅಂಟಿಸಿದ್ದ ಪಟ್ಟಿಯಲ್ಲಿ ಮಗಳ ಕೈಲಿ ವಿಳಾಸ ಓದಿಸಿಕೊಂಡು, ಭೂತಮ್ಮ ನೇರ ಸನಾವುಲ್ಲಾನ ಅಂಗಡಿಗೆ ನುಗ್ಗಿದಳು.

"ಯಾರಯ್ಯ ದಿನನಿತ್ಯ ನೋಡ್ಕೊಳ್ಳೋನು?"

ಸನಾವುಲ್ಲಾ ತಾಮ್ರದ ತಂತಿ ಕೆಳಗಿಟ್ಟ. ವಿಷಯ ಕೇಳಿ ಅವನ ಮುಖ ಬಿಗಿಯಿತು. "ನಾನು ಬಿಟ್ಟಿ ಕೊಟ್ಟಿದ್ದು ಕಣಮ್ಮ. ಬೇಕಾದೋರು ನೋಡ್ಕೊಳ್ಳಿ, ಬ್ಯಾಡ್ದೋರು ಬುಡಿ. ತಾರೀಕು ಕಂಪ್ಯೂಟರೇ ಹಾಕ್ಕೊಳ್ಳತ್ತೆ, ನಾನೇನು ಮಾಡ್ಲಿ?"

"ಬಿಟ್ಟಿ ಕೊಟ್ಟ ಅನ್ನದಾಗೆ ಕಲ್ಲು ಹಾಕಿದ್ರೆ ಹಲ್ಲು ಮುರಿಯಾಕಿಲ್ವಾ? ನೋಡ್ಕೊತೀನಿ ಅಂತ ಬರ್ಕೊಂಡಿದ್ದೀಯಲ್ಲ, ಕಂಪ್ಯೂಟರು ಬರೀತಾ ಅದನ್ನೂ?"

"ಆ ಬಸ್ಸು ನಿಂತಿದ್ದು ನನಗೇನು ಗೊತ್ತು? ಯಾರಾದ್ರೂ ಹೇಳಿದ್ರೆ ತಾನೇ?"

ಭೂತಮ್ಮನ ಕಣ್ಣು ಗೋಡೆಯ ಕಂಬಿಯ ಮೇಲೆ ಬಿತ್ತು. ಕೈ ಹಾಕಿ ಚೀಟಿಗಳನ್ನೆಲ್ಲ ಒಟ್ಟಿಗೆ ಕಿತ್ತು ಮಗಳ ಮಡಿಲಿಗೆ ಸುರಿದಳು. "ಓದೇ."

ಯಮುನಾ ಬಿಕ್ಕಳಿಸುತ್ತಲೇ ಓದಿದಳು. ವೈಂಡಿಂಗ್ ಮಾಡಿಸಲು ಬಂದಿದ್ದ ಬಿಳಿಗೆರೆಯ ನಾಲ್ಕು ಜನ ಕಿವಿಗೊಟ್ಟು ನಿಂತರು. ಐದನೆಯದೋ ಆರನೆಯದೋ ಚೀಟಿ: 'ಸಾಬರಿಗೆ, ಚಿಕ್ಕನಾಯಕನಹಳ್ಳಿಯಿಂದ ತುರುವೇಕೆರೆಗೆ ಹೋಗುವ ೯-೧೦ರ ಬಸ್ಸು ನಿಂತಿದೆ. ದಯವಿಟ್ಟು ತೆಗೆಯಿರಿ.' ಹಿಂದಿನ ವರ್ಷದ ತಾರೀಕು.

ಒಳಗಿನಿಂದ ಅಮ್ನಾ ನೀರು ತಂದುಕೊಟ್ಟಳು. ಭೂತಮ್ಮ ಲೋಟ ಮುಟ್ಟಲಿಲ್ಲ. "ಕುರಿ ಕಾಯಾಕೆ ಆಗಲ್ಲ ಅಂದ್ರೆ ನಾವು ಬಾಯಿಬಿಟ್ಟು ಹೇಳ್ತೀವಿ ಕಣಯ್ಯ. ಇನ್ನೊಬ್ಬ ಕಾಯ್ತಾನೆ. ನೀನು ನಿದ್ದೆ ಹೊಡ್ಕೊಂಡು ಕಾಯ್ತಾ ಇವ್ನಿ ಅಂದೆ" ಎಂದವಳೇ ಮಗಳ ರಟ್ಟೆ ಹಿಡಿದು ಹೊರಟುಹೋದಳು.

ಮಾರನೆಯ ದಿನ ಸನಾವುಲ್ಲಾ ಮೋಟಾರುಗಳನ್ನು ಪಕ್ಕಕ್ಕಿಟ್ಟು ಕಂಪ್ಯೂಟರಿನ ಮುಂದೆ ಕೂತ. ಬಸ್ಸುಗಳ ಹೊತ್ತನ್ನು ತಿದ್ದಲಿಲ್ಲ. ತಿದ್ದಲು ಮೂರು ತಾಲೂಕು ತಿರುಗಬೇಕಿತ್ತು, ಅದಕ್ಕೆ ಅವನಲ್ಲಿ ಪುರುಸೊತ್ತಿಲ್ಲ. ಇಲ್ಲವೆಂದು ಮೊದಲ ಸಲ ಒಪ್ಪಿಕೊಂಡ. ತಾರೀಕು ಕಿತ್ತುಹಾಕಿದ. ಅಡಿಯ ಸಾಲನ್ನೂ ಕಿತ್ತು, ಅದರ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದ: 'ಸನಾವುಲ್ಲಾ ಇದನ್ನು ಕೊನೆಯ ಸಲ ನೋಡಿದ್ದು ೨೦೦೩ರ ಮಾರ್ಚಿನಲ್ಲಿ. ಆಮೇಲೆ ಯಾರೂ ನೋಡಿಲ್ಲ. ಬಸ್ಸಿನವರನ್ನೇ ಕೇಳಿ. ನೋಡಿಕೊಳ್ಳುವವರು ಬಂದರೆ ಕೊಡುತ್ತೇನೆ.' ಹೊಸ ಸಿ.ಡಿ.ಗಳನ್ನು ತಾನೇ ಒಯ್ದು ಹಂಚಿದ.

ಎಂಟು ದಿನಕ್ಕೆ ಸುದ್ದಿ ಬಂತು. ಚಿಕ್ಕನಾಯಕನಹಳ್ಳಿ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯ ಅಣ್ಣಯ್ಯ ಆ ಸಾಲನ್ನು ಅಳಿಸಿ, ಹಳೆಯದನ್ನೇ ಮತ್ತೆ ಹಾಕಿದ್ದಾನೆ, ತಾರೀಕಿನ ಸಮೇತ. ಸನಾವುಲ್ಲಾ ಮೊದಲ ಬಸ್ಸಿಗೇ ಹೋದ.

"ಏನ್ ಸಾಬ್ರೇ, ಜಗಳಕ್ಕೆ ಬಂದ್ರಾ?" ಅಣ್ಣಯ್ಯ ಯಂತ್ರದ ಮುಚ್ಚಳ ತೆಗೆಯುತ್ತಲೇ ನಕ್ಕ. "ಯಾರೂ ನೋಡಿಲ್ಲ ಅಂತ ಬರೆದಿರೋ ಪಟ್ಟೀನ ಯಾವ ಕುರುಡ ದುಡ್ಡು ಕೊಟ್ಟು ತಗೋತಾನೆ? ತಿದ್ಕೊಳ್ಳಿ ಅಂದೋರು ನೀವೇ. ತಿದ್ಕೊಂಡೆ."

ಸನಾವುಲ್ಲಾ ಪಟ್ಟಿಯ ಅಡಿಯ ಸಾಲಿನ ಮೇಲೆ ಬೆರಳಿಟ್ಟ. "ತಿದ್ಕೊ. ನನ್ನ ಹೆಸರು ತೆಗಿ."

"ಹೆಸರಿಗೇ ಅಲ್ವೇನ್ರೀ ಜನ ತಗೊಳ್ಳೋದು? ಹೋಗಿ ಹೋಗಿ, ಗಿರಾಕಿ ಕಾಯ್ತಾವ್ರೆ."

ಹೊರಗೆ ಬಂದು ಸನಾವುಲ್ಲಾ ಪಟ್ಟಿ ಅಂಟಿಸಿದ್ದ ಕಂಬದ ಮುಂದೆ ನಿಂತ. ಜೇಬಿನಿಂದ ಪೆನ್ನು ತೆಗೆದು, ಐದು ವರ್ಷದಿಂದ ಮೂರು ತಾಲೂಕಿನಲ್ಲಿ ಓಡಾಡಿದ್ದ ತನ್ನ ಹೆಸರನ್ನು ತಾನೇ ಗೀಚಿ ಗೀಚಿ ಕಪ್ಪು ಮಾಡತೊಡಗಿದ.

"ಅದನ್ನ ಅಳಿಸಿದ್ರೆ ನೀನು ತಪ್ಪಿಸ್ಕೊತೀಯ ಅಷ್ಟೆ." ಹಿಂದೆ ಭೂತಮ್ಮ, ಹುಳಿಯಾರು ಬಸ್ಸು ಇಳಿದು ನಿಂತಿದ್ದಳು. "ನನ್ನ ಮಗಳನ್ನ ಇಲ್ಲಿ ಕಾಯ್ತಾ ಕೂರಿಸಿದ್ದು ನಿನ್ನ ಹೆಸರಲ್ಲ. ತಾರೀಕು ಎಲ್ಲೈತೆ, ತೋರ್ಸು."

ಅವನು ಬೆರಳಿಟ್ಟು ತೋರಿಸಿದ. ಅವಳು ಉಗುರು ಹಾಕಿ, ತಾರೀಕಿನಿಂದ ಹಿಡಿದು ಅಡಿಯವರೆಗೆ ಒಂದೇ ಎಳೆತಕ್ಕೆ ಹರಿದಳು. ಅಣ್ಣಯ್ಯ ಅಂಗಡಿಯಿಂದ ಕೂಗಿದ. ಅವಳು ತಿರುಗಿಯೂ ನೋಡದೆ ಮುಂದಿನ ಕಂಬಕ್ಕೆ ನಡೆದಳು.

"ಅಮ್ಮ..." ಎಂದ ಸನಾವುಲ್ಲಾ.

"ನಿನಗೋಸ್ಕರ ಅಲ್ಲ ಕಣಯ್ಯ, ಹಲ್ಲು ಬಿಡಬ್ಯಾಡ. ಆ ಕಡೆ ಮೂರು ಕಂಬದ ಮೇಲೂ ಐತೆ. ಅವು ನಿನ್ನವು."

ಅವನು ಪೆನ್ನು ಜೇಬಿಗಿಟ್ಟು ಆ ಕಡೆಗೆ ಹೋದ.