ಅಮ್ಮನವರು ಒಪ್ಪಿದ ಬೆಂಕಿ

ಭಕ್ತ ಬಂಧುಗಳೇ, ಅಮ್ಮನವರ ಕೃಪೆಯ ಬಗ್ಗೆ ಬರೆಯಲು ಕೂತವಳು ಕಕ್ಕಸಿನಿಂದ ಶುರುಮಾಡಬೇಕಾಗಿದೆ. ಮೂಗು ಮುಚ್ಚಿಕೊಂಡೇ ಓದಿ. ಬರೆಯುವವಳೂ ಹಾಗೆಯೇ ಕೂತಿದ್ದಾಳೆ.

2004ರಲ್ಲಿ ನಾವು ಕೆರೆಕಟ್ಟೆಯಲ್ಲಿ ಸ್ವಂತ ಮನೆ ಕಟ್ಟಿದೆವು. ಕಂಟ್ರಾಕ್ಟರ್ ಇಲ್ಲ, ಇಂಜಿನಿಯರ್ ಇಲ್ಲ. ನಮ್ಮ ಯಜಮಾನರೇ ಕಲ್ಲು ಹೊತ್ತು, ಗೋಡೆ ಏರಿಸಿ, ಖರ್ಚು ಎಲ್ಲಿ ಉಳಿಯುತ್ತದೆಂದು ತಲೆ ಕೆಡಿಸಿಕೊಳ್ಳುತ್ತಿದ್ದರು. ಕರೆಂಟು ಕಂಬ ನಮ್ಮ ಕಡೆ ಬರುವ ಲಕ್ಷಣವಿರಲಿಲ್ಲ, ದೀಪಕ್ಕೆ ಸೋಲಾರ್ ಎಂದಾಯಿತು. ಅಡುಗೆಗೆ ಸೌದೆ ಇದ್ದೇ ಇತ್ತು. ಅಷ್ಟರಲ್ಲಿ ಅತ್ತೆಗೆ ಉಸಿರು ಕಟ್ಟಿ ಕೊಪ್ಪದ ಆಸ್ಪತ್ರೆಗೆ ಸೇರಿಸಬೇಕಾಯಿತು. "ಇನ್ನು ಇವರು ಹೊಗೆ ಕುಡಿದ್ರೆ ನನ್ನ ಹತ್ರ ಕರ್ಕೊಂಡು ಬರೋದೇ ಬೇಡ" ಎಂದರು ಡಾಕ್ಟರು.

ಸಿಲಿಂಡರು ಶೃಂಗೇರಿಯಿಂದ ಜೀಪಿನಲ್ಲಿ ಬರಬೇಕು. ಮಳೆಗಾಲದಲ್ಲಿ ಜೀಪಿನವನು ನಮ್ಮ ಕಡೆ ತಲೆ ಹಾಕುವುದಿಲ್ಲ. ಹಾಗಾಗಿ ಗೋಬರ್ ಗ್ಯಾಸ್ ಎಂದು ತೀರ್ಮಾನವಾಯಿತು. ಆದರೆ ನಮ್ಮಲ್ಲಿದ್ದದ್ದು ಎರಡು ಗಿಡ್ಡ ಹಸು. ಅವುಗಳ ಸಗಣಿಯಲ್ಲಿ ಒಂದು ಹೊತ್ತಿನ ಅಡುಗೆಯಾದರೆ ಹೆಚ್ಚು.

ಒಂದು ಬೆಳಿಗ್ಗೆ ನೋಡಿದರೆ ಯಜಮಾನರು ಕಕ್ಕಸಿನಿಂದ ಗ್ಯಾಸಿನ ಗುಂಡಿಯವರೆಗೆ ಕಾಲುವೆ ತೋಡುತ್ತಿದ್ದಾರೆ.

"ಎಂತದ್ರೀ ಇದು?"

"ಪೈಪು ಹಾಕೂದು. ಸಗಣಿ ಸಾಲೂದಿಲ್ಲ ಮಾರಾಯ್ತಿ, ನಮ್ದೂ ಸೇರ್ಲಿ. ಕಕ್ಕಸಿಗೆ ಬೇರೆ ಗುಂಡಿ ತೆಗ್ಯೂ ಖರ್ಚೂ ಉಳೀತದೆ."

ಆ ಬೆಂಕಿಯಲ್ಲಿ ಅನ್ನ! ಅಮ್ಮನವರ ನೈವೇದ್ಯ! ಥೂ! ಇಂಥ ಮನುಷ್ಯನ ಪಕ್ಕ ಇಷ್ಟು ವರ್ಷ ಕೂತು ಉಂಡೆನಲ್ಲ ಎಂದು ಮೈಯೆಲ್ಲ ಮುಳ್ಳಾಯಿತು. ಅತ್ತೆಯಂತೂ ಕಡುಮಡಿಯವರು. "ಅದ್ರಲ್ಲಿ ಬೇಯ್ಸಿದ್ದು ನನ್ನ ಗಂಟಲಲ್ಲಿ ಇಳಿಯೂದಿಲ್ಲ. ಹೊಗೇಲೇ ಸಾಯ್ತೀನಿ" ಎಂದು ಬಿಡಾರದ ಸೌದೆ ಒಲೆಯ ಮುಂದೆ ಕೂತುಬಿಟ್ಟರು.

ಊದುಕೊಳವೆಗೆ ಬಾಯಿಟ್ಟರೆ ಬೆಂಕಿಗಿಂತ ಮೊದಲು ಕೆಮ್ಮು ಏಳುತ್ತಿತ್ತು. ತುಟಿ ನೀಲಿಯಾಗುತ್ತಿತ್ತು. ಆ ಗ್ಯಾಸಿನಲ್ಲಿ ಬೆಂದದ್ದು ಉಣ್ಣಿ ಎಂದು ಯಾವ ಬಾಯಲ್ಲಿ ಹೇಳಲಿ? ನನಗೇ ಆಗದು.

ಕೊನೆಗೆ ಅವರನ್ನು ಕರೆದುಕೊಂಡು, ಶೃಂಗೇರಿಯಲ್ಲಿ ಬಸ್ಸು ಬದಲಿಸಿ, ಕಿಗ್ಗದ ಆಚೆ ಇರುವ ನಮ್ಮ ಮನೆದೇವತೆಯ ಗುಡಿಗೆ ಹೊರಟೆ. ಬಸ್ಸಿನಲ್ಲಿ ಯಾರೋ ವಾಂತಿ ಮಾಡಿದ್ದರು. ಅತ್ತೆ ಕಿಟಕಿಗೆ ಮುಖ ಕೊಟ್ಟು, ಬಾಯಿ ತೆರೆದು, ಗಾಳಿಗಾಗಿ ಒದ್ದಾಡುತ್ತಿದ್ದರು. ಇವರನ್ನು ಜೀವಂತ ವಾಪಸು ತರುತ್ತೇನೆಂಬ ಧೈರ್ಯ ನನಗಿರಲಿಲ್ಲ.

ಆ ಗುಡಿಯಲ್ಲಿ ಹೂವಿನ ಪ್ರಸಾದ ಕೇಳುವ ಕ್ರಮವಿದೆ. ನಮ್ಮ ಮಾತನ್ನು ಭಟ್ಟರು ಅಮ್ಮನವರಲ್ಲಿ ಅರಿಕೆ ಮಾಡುತ್ತಾರೆ. ವಿಗ್ರಹದ ಬಲದಿಂದ ಹೂ ಬಿದ್ದರೆ ಒಪ್ಪಿಗೆ, ಎಡದಿಂದ ಬಿದ್ದರೆ ಇಲ್ಲ. "ಆ ಪೈಪಿನ ಹೇಸಿಗೆ ತಪ್ಪಿಸ್ತೀಯಾ ತಾಯಿ?" ಎಂದು ಕೇಳಿಸಿದೆ. ಹೂ ಎಡದಿಂದ ಬಿತ್ತು. ನನಗೆ ಅಮ್ಮನವರ ಮೇಲೂ ಸಿಟ್ಟು ಬಂತು. ಕುಂಕುಮ ಮುಟ್ಟದೆ ಎದ್ದೆ.

ಅತ್ತೆ ಏಳಲಿಲ್ಲ. ಕಂಬ ಹಿಡಿದುಕೊಂಡು, ಮಾತಿಗೊಮ್ಮೆ ಉಸಿರು ಎಳೆಯುತ್ತ, "ಭಟ್ರೇ, ನಂದೊಂದು ಕೇಳಿ. ಆ ಬೆಂಕೀಲೇ ನೈವೇದ್ಯ ಮಾಡಿದ್ರೆ ಅಮ್ಮಂಗೆ ಆಗ್ತದಾ?" ಎಂದರು.

ನಾನು ನಾಚಿಕೆಯಿಂದ ನೆಲ ನೋಡಿದೆ. ಭಟ್ಟರು ಅರಿಕೆ ಮಾಡಿದರು. ಬಲಭುಜದ ದಾಸವಾಳ ಜಾರಿ ಹರಿವಾಣಕ್ಕೆ ಬಿತ್ತು. ಅತ್ತೆಯ ಕಣ್ಣಿನಿಂದ ನೀರು ಇಳಿಯಿತು.

"ಅಮ್ಮಂಗೇ ಹೇಸಿಗೆ ಇಲ್ಲ ಅಂದ್ಮೇಲೆ ನಂದೆಂತದೇ? ನಡಿ, ಪೈಪು ಹಾಕ್ಸು."

ಗೃಹಪ್ರವೇಶಕ್ಕೆ ಬಂದ ನೆಂಟರು ಕಾಫಿ ಲೋಟ ಮುಟ್ಟುವ ಮೊದಲು "ಇದು ಯಾವ ಗ್ಯಾಸು?" ಎಂದು ವಿಚಾರಿಸಿದರು. ಎನ್.ಆರ್. ಪುರದ ನನ್ನ ಚಿಕ್ಕಮ್ಮ ಲೋಟವನ್ನು ಎರಡು ಬೆರಳಲ್ಲಿ ದೂಡಿದರು. ಅವರ ಸೊಟ್ಟ ಮುಖ ನೋಡಿ ನನಗೆ ಅವರ ಮೇಲೇ ಅಸಹ್ಯ ಬಂತು. ನೀಲಿ ಉರಿ, ಮಸಿಯಿಲ್ಲ, ವಾಸನೆಯಿಲ್ಲ. ಇನ್ನೇನು ಬೇಕಿತ್ತು ಇವರಿಗೆ?

ಹಾಗಂತ ಸುಳ್ಳು ಬರೆಯಲಾರೆ. ಆ ಒಲೆ ಹಚ್ಚುವಾಗ ಇಂದಿಗೂ ನನಗೆ ಹೇಸಿಗೆಯಾಗುತ್ತದೆ. ಅಮ್ಮನವರ ಮೇಲಿನ ನಂಬಿಕೆ ಮಾತ್ರ ಗಟ್ಟಿಯಾಗಿದೆ. ನಾನು ಪಾಯಸ ಕಲಕುತ್ತಿದ್ದರೆ ಅತ್ತೆ ಪಕ್ಕದಲ್ಲೇ ಕೂತು ಏಲಕ್ಕಿ ಕುಟ್ಟುತ್ತ ದೇವರ ಹಾಡು ಹೇಳುತ್ತಾರೆ, ಒಂದು ಸಾಲೂ ನಡುವೆ ಕಡಿಯದೆ.

ತಾಯಿ, ನನ್ನ ಹೇಸಿಗೆ ನನಗಿರಲಿ. ನೀನು ಉಣ್ಣುತ್ತಿರು, ಅವರು ಹಾಡುತ್ತಿರಲಿ.