ಹಾಲಿನಲ್ಲಿ ನೆನೆಸಿದ ರೊಟ್ಟಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅವ್ವನ ತಲೆನೋವು ಎಡ ಕಣತಲೆಯಲ್ಲಿ ಶುರುವಾಯಿತೋ, ಎರಡೂ ಕಡೆಯೋ, ಈಗ ಆಣೆ ಮಾಡಿ ಹೇಳಲಾರೆ. ಬಾಚಣಿಗೆ ಮಾತ್ರ ಚೆನ್ನಾಗಿ ನೆನಪಿದೆ. ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ, ಆಫೀಸಿಗೆ ಹೊರಡುವ ಮುಂಚೆ, ದಿನಾ ಅವ್ವನ ತಲೆ ಬಾಚುತ್ತಿದ್ದವಳು ನಾನು. ಅವತ್ತು ಅವ್ವ ನನ್ನ ಕೈ ತಳ್ಳಿದಳು.

"ಬ್ಯಾಡ ಬಿಡವ್ವಾ. ಕೂದಲು ಮುಟ್ಟಿದ್ರ ಉರೀತದ."

ಅದೇ ವಾರವೋ ಮುಂದಿನ ವಾರವೋ, ಊಟ ಅರ್ಧಕ್ಕೆ ಬಿಟ್ಟು ಎದ್ದಳು. ಕಲಬುರಗಿಯವಳು, ಎಪ್ಪತ್ತು ದಾಟಿದರೂ ಕಡಕ್ ರೊಟ್ಟಿ ಕಟಕಟ ಕಡಿಯುತ್ತಿದ್ದವಳು.

"ನಾಕು ತುತ್ತಿಗೇ ದವಡಿ ಸೋಲ್ತದ. ರೊಟ್ಟಿ ಮಾಡೀಯೋ, ಹಂಚಿನ ಚೂರೋ?" ಎಂದು ನಕ್ಕಳು.

ನನಗೆ ಸಿಟ್ಟು ಬಂತು. ಮರುದಿನದಿಂದ ರೊಟ್ಟಿ ಮುರಿದು ಬಿಸಿ ಹಾಲಿನಲ್ಲಿ ನೆನೆಸಿ ಕೊಟ್ಟೆ. ಅವ್ವ ಸುಮ್ಮನೆ ಉಂಡಳು. ದೂರು ನಿಂತಿತು. ದೂರು ನಿಂತದ್ದನ್ನೇ ನೋವು ನಿಂತಿತು ಎಂದುಕೊಂಡೆ.

ತಲೆನೋವು ಹೋಗಲಿಲ್ಲ. ಮನೆ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅವ್ವನಿಗೆ ತೆಲುಗು ಬರುವುದಿಲ್ಲ ಎಂದು ಡಾಕ್ಟರಿಗೆ ಮೊದಲೇ ತಿಳಿಸಿದೆ. ಅವರು ತೆಲುಗಿನಲ್ಲಿ ಕೇಳುತ್ತಾ ಹೋದರು, ನಾನು ಉತ್ತರಿಸುತ್ತಾ ಹೋದೆ. ಕೊನೆಗೆ, ಅಗಿಯುವಾಗ ದವಡೆ ನೋಯುತ್ತದೆಯೇ ಎಂದು ಕೇಳಿದರು.

"ಲೇದು ಸರ್," ಇಲ್ಲ ಎಂದೆ. ಚೆನ್ನಾಗಿಯೇ ಉಣ್ಣುತ್ತಾಳೆ ಎಂದೂ ಸೇರಿಸಿದೆ.

ಅವ್ವನನ್ನು ಕೇಳಲಿಲ್ಲ.

ಆಗ ಅವ್ವ ನನ್ನ ಮುಖ ನೋಡಿದಳು. ಹಾಗೆಂದು ನೆನಪು, ಆಮೇಲೆ ನಾನೇ ಸೇರಿಸಿಕೊಂಡ ನೋಟವೂ ಇರಬಹುದು. ಡಾಕ್ಟರ್ ನೋವಿನ ಮಾತ್ರೆ ಬರೆದುಕೊಟ್ಟರು.

ಐದಾರು ದಿನ ಕಳೆದಿರಬೇಕು. ಬೆಳಿಗ್ಗೆ ಅವ್ವ ಚಹಾದ ಕಪ್ಪು ಹಿಡಿಯಲು ಹೋಗಿ ಅದರಾಚೆಗೆ ಕೈ ಚಾಚಿದಳು.

ಎಡಗಣ್ಣಿನಲ್ಲಿ ಬೆಳಕೇ ಇರಲಿಲ್ಲ.

ಗಚ್ಚಿಬೌಲಿಯ ದೊಡ್ಡ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರಮ್ಮ ಅವ್ವನ ಕಣತಲೆ ಮೆಲ್ಲಗೆ ಒತ್ತಿ, ಅದೇ ಪ್ರಶ್ನೆ ಕೇಳಿದರು. ಈ ಸಲ ಅವ್ವನನ್ನು ಕೇಳಿದೆ.

"ಹೂಂ. ತಿಂಗಳಾತು."

ಜೈಂಟ್ ಸೆಲ್ ಆರ್ಟರೈಟಿಸ್ ಇರಬಹುದು ಎಂದರು. ರಕ್ತನಾಳ ಊದಿಕೊಂಡು ಕಣ್ಣಿಗೆ ರಕ್ತ ಹೋಗುವುದೇ ನಿಲ್ಲುವ ಕಾಯಿಲೆಯಂತೆ. ಬಯಾಪ್ಸಿಗೆ ಕಾಯದೆ ಸ್ಟೆರಾಯ್ಡ್ ಡ್ರಿಪ್ ಹಾಕಿಸಿದರು. ಈ ವಯಸ್ಸಿನಲ್ಲಿ ಹೊಸದಾಗಿ ತಲೆನೋವು, ಜೊತೆಗೆ ದವಡೆ ನೋವು ಎಂದು ಗೊತ್ತಾದರೆ, ಯಾವ ಡಾಕ್ಟರಾದರೂ ಅವತ್ತೇ ದೊಡ್ಡ ಆಸ್ಪತ್ರೆಗೆ ಅರ್ಜೆಂಟ್ ರೆಫರಲ್ ಬರೆಯುತ್ತಾರೆ ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ದಿನ ಕ್ಯಾಂಟೀನಿನಿಂದ ವಾರ್ಡಿಗೆ ಬಂದಾಗ, ಅವ್ವ ಪಕ್ಕದ ಹಾಸಿಗೆಯ ಹೆಂಗಸಿನೊಂದಿಗೆ ಹರಟುತ್ತಿದ್ದಳು.

ತೆಲುಗಿನಲ್ಲಿ.

ಮುರುಕು ತೆಲುಗು, ಆದರೆ ಆ ಹೆಂಗಸು ಕೇಳಿದ್ದಕ್ಕೆಲ್ಲ ಅವ್ವ ತಡವರಿಸದೆ ಉತ್ತರ ಕೊಡುತ್ತಿದ್ದಳು.

"ಯಾವಾಗ ಕಲ್ತಿ?" ಎಂದೆ.

"ಇಲ್ಲಿ ಬಂದು ನಾಕು ವರ್ಷ ಆತಲ್ಲ. ನೀ ಆಫೀಸಿಗಿ ಹೋದ ಮ್ಯಾಲ ಗ್ವಾಡಿ ಕೂಡ ಮಾತಾಡ್ಲೇನ?"

ಬಲಗಣ್ಣು ಉಳಿದಿದೆ. ದಿನಾ ಸ್ಟೆರಾಯ್ಡ್ ಮಾತ್ರೆ ಕೊಡುವಾಗ ಅದಕ್ಕಾಗಿ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಎಡಗಣ್ಣು ಇನ್ನು ಬರುವುದಿಲ್ಲ. ತಲೆಯ ಉರಿ ಕಡಿಮೆಯಾಗಿದೆ, ಬಾಚಲು ಬಿಡುತ್ತಾಳೆ. ಮೊನ್ನೆ ಜಡೆ ಹಾಕುತ್ತಾ, ಅವಳ ಮುಖ ನನಗೆ ಕಾಣದಂತೆ ಹಿಂದೆ ಕುಳಿತು ಕೇಳಿದೆ.

"ಅವ್ವಾ, ಅವತ್ತು ಕ್ಲಿನಿಕ್ಕಿನಾಗ ಡಾಕ್ಟರ್ ಏನ್ ಕೇಳಿದ್ರಂತ ನಿನಗ ತಿಳಿದಿತ್ತಲ್ಲಾ? ನಾ ಇಲ್ಲ ಅಂದಾಗ ಯಾಕ ಸುಮ್ಮಕಿದ್ದಿ?"